ಪಲ್ಪರ್ಸ್ ಪ್ಲೇಟಿನ ಮೇಲಿಲ್ಲದ ಹೆಸರು

ನಂಬಲಾಗುತ್ತಿಲ್ಲ...
ಬೋಪು ಹೋದನಂತೆ.

ಬೆಳಿಗ್ಗೆ ಅವರ ಮನೆ ಕಡೆಯಿಂದ ಗುಂಡಿನ ಸದ್ದು ಬಂತು.
ನಮ್ಮ ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು.
ಎಣಿಸಿದೆ... ಎರಡೇ.
ಕಾಫಿ ಲೋಟ ಕೈಯಲ್ಲೇ ಉಳಿಯಿತು.

ಆಮೇಲೆ ಫೋನ್ ತೆರೆದೆ. ನೀವೆಲ್ಲ ಬರೆದದ್ದನ್ನಂತೂ ಇನ್ನೂ ನಂಬಲಾಗಲಿಲ್ಲ!
"ರಾಕ್ ಲೆಜೆಂಡ್"...
"ಕೊಡಗಿನ ಬೀಟನ್ನು ಜಗತ್ತಿಗೆ ಕೊಟ್ಟ ಮಹಾನುಭಾವ"...
ಅಯ್ಯೋ ಶಿವನೇ! ಯಾವ ಜಗತ್ತು?
ಮದ್ರಾಸಿನಿಂದ ಬಂದ ಮೇಲೆ ನಮ್ಮ ಬ್ಯಾಂಡಿನ ಪ್ಲೇಟು ಕೊಡಗಿನ ಗಡಿಯ ಕುಶಾಲನಗರದ ಸೇತುವೆ ದಾಟಿದ್ದನ್ನು ನಾನಂತೂ ಕಂಡಿಲ್ಲ.
(ಪ್ಲೇಟು ಅಂದರೆ ಗ್ರಾಮಫೋನ್ ರೆಕಾರ್ಡು. ಈಗಿನ ಲೆಜೆಂಡ್ ಭಕ್ತರಿಗೆ ಅದನ್ನೂ ಹೇಳಬೇಕಲ್ಲ.)

ಮೈಸೂರು ಸ್ಟೇಟ್ ಎನ್ನುತ್ತಿದ್ದ ಕಾಲ.
ಸೋಮವಾರಪೇಟೆ ಪಕ್ಕದ ಎಸ್ಟೇಟ್ ಧಣಿಯ ಮಗ ಬೋಪು. ಅಲ್ಲೇ ಆಳುಗಳ ಹಾಜರಿ ಬರೆಯುವ ರೈಟರ್ ಮಗ ನಾನು.
ಬೋಪು ಊಟಿಯಲ್ಲಿ ಓದಲು ಹೋದವನು ಒಂದು ಗಿಟಾರು, ಒಂದು ಕೂಲಿಂಗ್ ಗ್ಲಾಸು ತಂದ... ಓದನ್ನು ಅಲ್ಲೇ ಬಿಟ್ಟು ಬಂದ.
ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ನಮ್ಮ ಪ್ರಾಕ್ಟೀಸ್. ಅದಕ್ಕೇ ಬ್ಯಾಂಡಿನ ಹೆಸರು "ದಿ ಪಲ್ಪರ್ಸ್".
ಬೋಪು ಬರೆದದ್ದು ಇಂಗ್ಲಿಷ್ ಹಾಡು. ಹಿಮದಲ್ಲಿ ನಿನಗಾಗಿ ಕಾಯುತ್ತೇನೆ ಅಂತೆ.
ಹಿಮವಂತೆ ಹಿಮ! ಐಸ್ ಕ್ಯಾಂಡಿ ಬಿಟ್ಟರೆ ಬೇರೇನೂ ಕಂಡವರಲ್ಲ ನಾವು.

ಹಾಡು ಮೇಲೇಳಲೇ ಇಲ್ಲ...
ಆಗ ಆಳುಗಳ ಸಾಲುಮನೆಯ ಲೈನಿನಿಂದ ಮುತ್ತನನ್ನು ಕರೆಸಿದೆವು. ಮದುವೆಗೂ ಸಾವಿಗೂ ವಾಲಗದಲ್ಲಿ ಡೋಲು ಬಾರಿಸುವವನು.
ಅವನು ಕೋಲು ತಾಗಿಸಿದ್ದೇ ತಡ, ಹೊರಗೆ ಕಾಫಿ ಹರಡುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಕುಣಿದರು.
ಬೆಳಿಗ್ಗೆಯಿಂದ "ಬೋಪು ಬೀಟ್" ಎಂದು ಬರೆಯುತ್ತಿದ್ದೀರಲ್ಲ... ಅದು ಇದೇ ಸ್ವಾಮಿ.

ಪ್ಲೇಟು ಮಾಡಿಸಲು ಮದ್ರಾಸಿಗೆ ಹೊರಟಾಗ ಮುತ್ತನೂ ಬಂದ. ದಾರಿಯುದ್ದಕ್ಕೂ ಡೋಲು ಮಡಿಲಲ್ಲೇ.
ಸ್ಟುಡಿಯೋದಲ್ಲಿ ನಾವು ತಪ್ಪಿದೆವು, ಅವನು ಒಮ್ಮೆಯೂ ತಪ್ಪಲಿಲ್ಲ.
ಬೋಪು ಅವನ ಹೆಗಲು ತಟ್ಟಿ "ಏನ್ ಬೇಕು ಕೇಳೋ ಮುತ್ತ" ಎಂದ.
"ಪ್ಲೇಟ್ ಮ್ಯಾಲೆ ನನ್ ಹೆಸ್ರು ಬರ್ಸಿ ಬುದ್ಧಿ. ಅಷ್ಟೇ ಸಾಕು."
"ನನ್ ಹೆಸ್ರಿನ ಪಕ್ಕದಲ್ಲೇ ಹಾಕಿಸ್ತೀನಿ ಕಣೋ!"

ಪ್ಲೇಟು ಬಂತು.
ಬೋಪುವಿನ ಹೆಸರು ಇತ್ತು, ಮನೆತನದ ಹೆಸರು ಇತ್ತು, ಎಸ್ಟೇಟಿನ ಹೆಸರೂ ಇತ್ತು...
ಮುತ್ತನದು ಇರಲಿಲ್ಲ.
ನಾನು ಕೇಳಿದರೆ ಬೋಪು "ಜಾಗ ಸಾಲ್ಲಿಲ್ಲ ಮಾರಾಯ" ಎಂದ.

ಬೋಪು... ಈಗಲಾದರೂ ಹೇಳೋ.
ಕಣ್ಣು ಹಾಯುವಷ್ಟು ದೂರ ತೋಟ ಇದ್ದವನಿಗೆ ಎರಡಕ್ಷರದ ಹೆಸರಿಗೆ ಜಾಗ ಸಾಲಲಿಲ್ಲವೇ?

ರಿಲೀಸ್ ದಿನ ನೆನಪಿದೆಯೇನೋ?
ಸೋಮವಾರದ ಸಂತೆಗೇ ಕೇಳಿಸಬೇಕೆಂದು ನೀನು ನಿಮ್ಮ ಅಂಗಳದಲ್ಲಿ ಮೈಕ್ ಕಟ್ಟಿಸಿದೆ.
"ನನ್ ಪ್ಲೇಟ್ ಹುಟ್ತಾ ಇದೆ ದೊಡ್ಡಪ್ಪ, ಗಂಡು ಮಗು ಹುಟ್ಟಿದ ಹಾಗೆ ಒಂದು ಗುಂಡು ಹೊಡೀರಿ" ಎಂದೆ.
ನಿನ್ನ ದೊಡ್ಡಪ್ಪನದು ಜೋಡುನಳಿಗೆ ಕೋವಿ. ಖುಷಿಯಲ್ಲಿ ಎರಡು ನಳಿಗೆಯನ್ನೂ ಖಾಲಿ ಮಾಡಿದರು!
ಸಂತೆ ಅಲ್ಲೇ ನಿಂತಿತು.
"ಯಾರ್ ಹೋದ್ರಂತೆ?"
"ಎಸ್ಟೇಟ್ ಮನೇಲಂತೆ ಕಣ್ರೀ, ಪಾಪ!"
ಜನ ಬಂದದ್ದೇ ಬಂದದ್ದು. ಹೆಂಗಸರು ಗೇಟಿನಿಂದಲೇ ಅಳುತ್ತ ಬಂದರು.
ಪಲ್ಪರ್ಸ್‌ಗೆ ಅತಿ ಹೆಚ್ಚು ಜನ ಸೇರಿದ್ದು ಅಂದೇ ಕಣೋ... ಎಲ್ಲರೂ ಹೆಣ ನೋಡಲು ಬಂದವರು.

ಸಾವಿನ ಮನೆಗೆ ಡೋಲು ಬೇಕಲ್ಲ... ಮುತ್ತನೂ ಓಡಿ ಬಂದ, ಡೋಲು ಹೆಗಲಿಗೇರಿಸಿಕೊಂಡು.
ರಿಲೀಸಿಗೆ ನೀನು ಅವನನ್ನು ಕರೆದೇ ಇರಲಿಲ್ಲ.
ಮೈಕಿನಲ್ಲಿ ತನ್ನದೇ ಪೆಟ್ಟು ಕೇಳಿ ಅಂಗಳದ ಅಂಚಿನಲ್ಲೇ ನಿಂತುಬಿಟ್ಟ. ಆಮೇಲೆ ಮೇಜಿನ ಮೇಲಿದ್ದ ಪ್ಲೇಟೊಂದನ್ನು ಎತ್ತಿಕೊಂಡು ನನ್ನ ಬಳಿ ಬಂದ.
"ನನ್ ಹೆಸ್ರು ಎಲ್ಲೈತೆ ಸಣ್ ರೈಟ್ರೇ? ನಂಗೆ ಓದಕ್ಕೆ ಬರಲ್ಲ."

ನಿನಗೆ ಕೇಳಿಸಿತು ಬೋಪು.
ಕೂಲಿಂಗ್ ಗ್ಲಾಸು ಸರಿಮಾಡಿಕೊಂಡು ಆ ಕಡೆ ತಿರುಗಿದೆ.
ಥೂ...

ನಾನು?
ನಮ್ಮಪ್ಪನ ಕೆಲಸ ನಿಮ್ಮಪ್ಪನ ಕೈಯಲ್ಲಿತ್ತು. ಲೇಬಲ್ಲಿನ ಕೆಳಗಡೆ ಇದ್ದ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು "ಇಲ್ಲಿದೆ ನೋಡು ಮುತ್ತ" ಎಂದೆ.
ಅವನು ಅದನ್ನು ಕಣ್ಣಿಗೊತ್ತಿಕೊಂಡ. ಪ್ಲೇಟನ್ನು ಎದೆಗವಚಿಕೊಂಡು ಲೈನಿಗೆ ಹೋದ.
ನಿನಗೆ ಥೂ ಎಂದವನು ನನಗೆ ನಾನು ಏನೆಂದುಕೊಳ್ಳಲಿ...

ಮುತ್ತ ತೀರಿಕೊಂಡು ಬಹಳ ವರ್ಷವಾಯಿತು.
ಇವತ್ತು ಯಾರೋ ಪುಣ್ಯಾತ್ಮರು ಆ ಲೇಬಲ್ಲಿನ ಫೋಟೋ ಹಾಕಿದ್ದಾರೆ. ಲೈಕಿನ ಮೇಲೆ ಲೈಕು.
ಕೆಳಗೆ ಮುತ್ತನ ಮಗಳ ಕಾಮೆಂಟು, ನನ್ನನ್ನೇ ಟ್ಯಾಗ್ ಮಾಡಿ.

"ಅಣ್ಣಾ, ಅಪ್ಪ ಸಾಯೋ ತನಕ ಮನೆಗೆ ಬಂದೋರಿಗೆಲ್ಲ ಬೆರಳಿಟ್ಟು ತೋರಿಸ್ತಿದ್ರು, ಇಲ್ಲೇ ನನ್ ಹೆಸ್ರು, ಸಣ್ ರೈಟ್ರೇ ತೋರಿಸ್ಕೊಟ್ಟಿದ್ದು ಅಂತ. ಮುಟ್ಟಿ ಮುಟ್ಟಿ ನಮ್ಮ ಪ್ಲೇಟಲ್ಲಿ ಆ ಜಾಗ ಅಳಿಸೇ ಹೋಗಿತ್ತು. ಇವತ್ತು ಈ ಫೋಟೋ ದೊಡ್ಡದು ಮಾಡಿ ನೋಡಿದೆ. ಅಲ್ಲಿ ಮೇಡ್ ಇನ್ ಇಂಡಿಯಾ ಅಂತಿದೆ."

ಬೈದಿಲ್ಲ. ಅಷ್ಟೇ ಬರೆದಿದ್ದಾಳೆ.
ಬೆಳಿಗ್ಗೆಯಿಂದ ಉತ್ತರ ಬರೆದೆ, ಅಳಿಸಿದೆ... ಬರೆದೆ, ಅಳಿಸಿದೆ...
ತಂಗೀ, ಸುಳ್ಳು ಹೇಳಿದವನು ನಾನೇ.
ಆ ಹಾಡಿನ ಡೋಲು ಮುತ್ತನದು. ಆ ಹಾಡಿನಲ್ಲಿ ಕೇಳುವಂಥದ್ದು ಏನಾದರೂ ಇದ್ದರೆ ಅದೊಂದೇ.
ಲೆಜೆಂಡ್ ಎಂದು ಬರೆದವರೆಲ್ಲ ಹೋಗಿ ತಿದ್ದಿಕೊಳ್ಳಿ.

ಹೋಗಿ ಬಾ ಬೋಪು.
ಅಲ್ಲಿ ಮುತ್ತ ಸಿಗುತ್ತಾನೆ. ಇಷ್ಟು ಹೊತ್ತಿಗೆ ಓದಲು ಕಲಿತಿರುತ್ತಾನೆ.
ಕೂಲಿಂಗ್ ಗ್ಲಾಸು ತೆಗೆದು ಅವನ ಮುಂದೆ ನಿಲ್ಲು.
ಶಾಂತಿ ಆಮೇಲೆ ಸಿಗಲಿ ನಿನ್ನ ಆತ್ಮಕ್ಕೆ.