ಬಾಣ ಕಿತ್ತವಳು

ರಾಯಚೂರಿನ ನಮ್ಮ ಚರ್ಚಿನ ಬೀಗ ತೆಗೆಯುವುದು, ಗುಡಿಸುವುದು, ಪೀಠದ ಬಟ್ಟೆ ಬದಲಿಸುವುದು ನನ್ನ ಕೆಲಸವಾಗಿತ್ತು. ದೇವದುರ್ಗದಿಂದ ಬಂದು ಸಿಸ್ಟರುಗಳ ಬೋರ್ಡಿಂಗಿನಲ್ಲಿ ಬೆಳೆದವಳು ನಾನು. ವಸ್ತು ತನ್ನ ಜಾಗದಲ್ಲಿ ಇರದಿದ್ದರೆ ಪ್ರಾರ್ಥನೆಯೂ ಬಾಯಿಗೆ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಜನವರಿ. ನಾವು ಬಾಣದ ಸಂತ ಎಂದು ಕರೆಯುತ್ತಿದ್ದವನ ಹಬ್ಬ ಹತ್ತಿರವಿತ್ತು. ಬೆಳಿಗ್ಗೆ ಬೀಗ ತೆಗೆದು, ನೀರು ತರಲು ಹೋಗಿ ಬಂದು ನೋಡಿದರೆ ಪ್ರತಿಮೆಯ ಮೈಯಲ್ಲಿದ್ದ ತಗಡಿನ ಬಾಣಗಳನ್ನೆಲ್ಲ ಯಾರೋ ಕಿತ್ತು ಪಾದದ ಬಳಿ ಇಟ್ಟಿದ್ದರು. ಮತ್ತೆ ಚುಚ್ಚಿದೆ. ಮರುದಿನವೂ ಹಾಗೆಯೇ ಆಯಿತು. ಆಮೇಲೊಂದು ದಿನ ಕಂಬದ ಮರೆಯಲ್ಲಿ ನಿಂತೆ.

ಬಂದವಳು ಮಾನ್ವಿ ಕಡೆಯ ಮಲ್ಲಟದ ಕುರಿಗಾರರ ಹೆಂಗಸು. ಸೆರಗಿನಿಂದ ಕೈ ಒರೆಸಿಕೊಂಡು ಬಾಣವೊಂದನ್ನು ಮೆಲ್ಲಗೆ ತಿರುವಿ ಎಳೆಯತೊಡಗಿದಳು.

"ಯಾಕ ಕೀಳಾಕತ್ತೀ ಯವ್ವಾ?" ಎಂದೆ.

"ಮತ್ತ ಚುಚ್ಚಾಕಿ ನೀನೇನು? ಇಂಥಾ ಕೈ ಇಟ್ಕೊಂಡು ದೇವರ ಮನಿ ಕಸಾ ಹೊಡೀತಿ."

ಅವಳ ಮಗನ ಮೊಣಕಾಲಿನಲ್ಲಿ ಜಾಲಿಮುಳ್ಳು ಮುರಿದು ಕೀವಾಗಿತ್ತು. ರಾಯಚೂರಿನ ದವಾಖಾನೆಗೆ ಸೇರಿಸಿ, ಕೊಯ್ದು ತೆಗೆದರೂ ಜ್ವರ ಇಳಿದಿರಲಿಲ್ಲ. ಕಾಲು ಹೋದೀತು, ಜೀವಕ್ಕೂ ಭರವಸೆಯಿಲ್ಲ ಎಂದಿದ್ದರು ಡಾಕ್ಟರು.

"ಇವನ ಮುಳ್ಳು ನಾ ತಗದ್ರ, ನನ್ನ ಮಗನ ಗಾಯ ಇವ ಮಾಯಿಸ್ತಾನ."

ಬಾಣವಿಲ್ಲದಿದ್ದರೆ ಇವನು ಯಾರೆಂದು ಜನಕ್ಕೆ ಗುರುತು ಹತ್ತುವುದಿಲ್ಲ ಎನ್ನಲು ಹೊರಟಿದ್ದೆ. ಬೋರ್ಡಿಂಗಿನಲ್ಲಿ ಕಲಿತ ಕಥೆ ನೆನಪಾಗಿ ಅದನ್ನೇ ಹೇಳಿದೆ. ರೋಮಿನ ಈ ಸೈನಿಕ ಸೆರೆಯಲ್ಲಿದ್ದ ಕ್ರೈಸ್ತರಿಗೆ ಧೈರ್ಯ ಹೇಳಿದ. ಅದಕ್ಕೆ ಚಕ್ರವರ್ತಿ ಅವನನ್ನು ಕಟ್ಟಿಸಿ ಬಾಣ ಬಿಡಿಸಿದ. ಸತ್ತನೆಂದು ಬಿಟ್ಟುಹೋದರು. ಹೆಣ ಮಣ್ಣು ಮಾಡಲು ಬಂದ ವಿಧವೆಯೊಬ್ಬಳು, ಇನ್ನೂ ಉಸಿರಿರುವುದನ್ನು ಕಂಡು ಮನೆಗೆ ಒಯ್ದಳು, ಬಾಣ ಕಿತ್ತಳು, ಗಾಯ ಮಾಯಿಸಿದಳು.

"ಬದುಕಿದನೇನು?"

"ಬದುಕಿದ."

ಮುಂದಿನದನ್ನು ಅವಳು ಕೇಳಲಿಲ್ಲ. ನಾನು ಬಾಣಗಳನ್ನು ಕಪಾಟಿನಲ್ಲಿಟ್ಟೆ. ಫಾದರು ಗೊಣಗಿದರೂ, ಆ ವರ್ಷದ ಮೆರವಣಿಗೆಯಲ್ಲಿ ಸಂತ ಬಾಣವಿಲ್ಲದೆಯೇ ಹೋದ.

ಹಬ್ಬ ಕಳೆದ ಮೇಲೆ ಮಗನನ್ನು ಕರೆತಂದಳು. ಕಾಲು ಉಳಿದಿತ್ತು, ಕೋಲೂರಿ ನಡೆಯುತ್ತಿದ್ದ. ಸಂತನ ಪಾದ ಮುಟ್ಟಿ ಕೇಳಿದಳು, "ಆಮ್ಯಾಲ ಎಷ್ಟು ವರ್ಷ ಇದ್ದ ಇವ?"

ಹೇಳಲೇಬೇಕಾಯಿತು. ಗುಣವಾದವನು ಅಡಗಿ ಕೂರಲಿಲ್ಲ; ಚಕ್ರವರ್ತಿಯ ಎದುರಿಗೇ ಹೋಗಿ ನೀನು ಮಾಡುತ್ತಿರುವುದು ಅನ್ಯಾಯ ಎಂದ. ಆ ಸಲ ಬಡಿಗೆಯಿಂದ ಹೊಡೆದು ಕೊಂದರು.

ಅವಳು ಮಗನ ಮೊಣಕಾಲನ್ನೇ ನೋಡುತ್ತ ನಿಂತಳು.

"ಅದು ಬ್ಯಾರೆ ಸಾವು ಬಿಡು ಯವ್ವಾ," ಎಂದಳು. "ಆ ಹೆಣ್ಮಗಳು ಮಾಯಿಸಿದ ಗಾಯದಿಂದ ಅವ ಸಾಯಲಿಲ್ಲ."