ಮಾವನ ಬಲಗೈ ಮತ್ತು ನರ್ಸಮ್ಮನ ನಾಯಿ

ನಮ್ಮ ಮಾವನಿಗೆ ನಾಯಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವರು ಸರ್ವೇಯರ್ ಆಗಿದ್ದವರು. ಯಶವಂತಪುರದ ಸುತ್ತಲ ಹಳ್ಳಿಗಳಲ್ಲಿ, ಮಾಕಳಿಯಿಂದ ಸಿಂಗಾಪುರವೆಂಬ ಹಳ್ಳಿಯವರೆಗೆ ಸರಪಳಿ ಹಿಡಿದು ಹೊಲಗದ್ದೆ ಅಳೆಯುತ್ತ ಮೂವತ್ತು ವರ್ಷ ನಡೆದಿದ್ದರು. ಹೊಸಬರು ಊರೊಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ನಾಯಿಗಳೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಸಿಂಗಾಪುರದಲ್ಲಿ ಒಂದು ನಾಯಿ ಅವರ ಮೀನಖಂಡಕ್ಕೆ ಬಾಯಿ ಹಾಕಿತ್ತಂತೆ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡ ಕಥೆಯನ್ನು ನನ್ನ ಮದುವೆಯ ಊಟದ ಪಂಕ್ತಿಯಲ್ಲೂ ಹೇಳಿದ್ದರು. ಆಮೇಲೆ ಅವರು ಕೋಲಿಲ್ಲದೆ ಮನೆಯಿಂದ ಹೊರಟಿದ್ದನ್ನು ಯಾರೂ ನೋಡಿದ್ದಿಲ್ಲ.

ಅವರು ನನಗೆ ಅಷ್ಟೇನೂ ಇಷ್ಟವಾದ ಮನುಷ್ಯ ಆಗಿರಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ನಾನು ಯಶವಂತಪುರದ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಹತ್ತಿರದ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಅದು ಅವರಿಗೆ ಸರಿಬಂದಿರಲಿಲ್ಲ. ಬಯ್ಯುತ್ತಿರಲಿಲ್ಲ, ಮಾತೇ ಆಡುತ್ತಿರಲಿಲ್ಲ. ಕಾಫಿ ಲೋಟ ಮುಂದಿಟ್ಟರೆ ಲೋಟವನ್ನು ನೋಡುತ್ತಿದ್ದರು, ಇಟ್ಟವಳನ್ನಲ್ಲ.

ಎಂಬತ್ತರ ದಶಕದ ಆರಂಭದಲ್ಲಿ, ನಿವೃತ್ತರಾದ ಮರುವರ್ಷವೇ, ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಹೋಯಿತು. ಮೂರು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಹಾಲಿನ ಕಿಟಕಿಯ ಪಕ್ಕ ಮಂಚ ಹಾಕಿದೆವು. ಕಾಲಿಗೆ ಸ್ವಲ್ಪ ಸ್ವಲ್ಪ ಬಲ ಬಂತು, ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟು. ಕೈ ಮಾತ್ರ ಹಾಗೇ ಉಳಿಯಿತು. ಮಾತಿನಲ್ಲಿ ಉಳಿದದ್ದು ಒಂದೇ ಶಬ್ದ, "ಬೇಡ." ಅನ್ನ ಬೇಕಾ ಅಂದರೂ ಬೇಡ, ರೇಡಿಯೋ ಹಾಕಲಾ ಅಂದರೂ ಬೇಡ. ಬೇಕಾದಾಗಲೂ ಬಾಯಿಗೆ ಬರುತ್ತಿದ್ದುದು ಅದೇ.

ಬೆರಳುಗಳಿಗೆ ದಿನಾ ವ್ಯಾಯಾಮ ಮಾಡಿಸದಿದ್ದರೆ ಮುದುಡಿಕೊಂಡುಬಿಡುತ್ತವೆ ಎಂದು ಡಾಕ್ಟರು ಹೇಳಿದ್ದರಿಂದ ನನ್ನ ಗಂಡ ವಿಚಾರಿಸಿ ಒಬ್ಬ ನರ್ಸಮ್ಮನನ್ನು ಗೊತ್ತುಮಾಡಿದರು. ಆಸ್ಪತ್ರೆಯ ಕೆಲಸ ಬಿಟ್ಟು ಮನೆಗಳಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ಗೊರಗುಂಟೆಪಾಳ್ಯದಿಂದ ದಿನಾ ನಾಲ್ಕು ಗಂಟೆಗೆ ನಡೆದುಕೊಂಡೇ ಬರುವರು. ಹಿಂದೆಯೇ ಒಂದು ಕಂದು ಬಣ್ಣದ ಬೀದಿನಾಯಿ, ಎಡಗಿವಿ ಅರ್ಧ ಹರಿದದ್ದು. ಅದು ಗೇಟಿನ ಹೊರಗೆ ಚರಂಡಿಯ ಕಲ್ಲಿನ ಮೇಲೆ ಕೂತು ಕಾಯುತ್ತಿತ್ತು.

"ನಾನೇನ್ ಕರ್ಕೊಂಡ್ ಬರಲ್ಲ ಅಮ್ಮಾವ್ರೇ, ಅದೇ ಬತ್ತದೆ," ಎಂದರು ನರ್ಸಮ್ಮ, ನಮ್ಮ ಅತ್ತೆ ಹುಬ್ಬು ಗಂಟಿಕ್ಕಿದಾಗ.

"ಬಂದ್ರೆ ಬರ್ಲಿ. ಗೇಟ್ ದಾಟ್ಬಾರ್ದು," ಎಂದರು ಅತ್ತೆ. ಅವರದು ಮಡಿ ಹೆಚ್ಚು.

ಎರಡು ತಿಂಗಳು ಕಳೆದರೂ ಮಾವ ವ್ಯಾಯಾಮಕ್ಕೆ ಒಗ್ಗಲಿಲ್ಲ. ನರ್ಸಮ್ಮ ಬೆರಳು ಬಿಡಿಸುತ್ತಿದ್ದರು, ಎಣ್ಣೆ ತಿಕ್ಕುತ್ತಿದ್ದರು. "ನೀವೇ ಒಸಿ ಎತ್ತಿ ಯಜಮಾನ್ರೇ, ಇಂಗೆ," ಅನ್ನುತ್ತಿದ್ದರು. ಮಾವ ಕಣ್ಣು ಮುಚ್ಚಿ "ಬೇಡ" ಅನ್ನುತ್ತಿದ್ದರು. ಆಗದೆ ಹಾಗನ್ನುತ್ತಿದ್ದರೋ, ಒಲ್ಲದೆ ಅನ್ನುತ್ತಿದ್ದರೋ ನನಗೆ ತಿಳಿಯುತ್ತಿರಲಿಲ್ಲ. ನರ್ಸಮ್ಮನಿಗೆ ಮಾತ್ರ ಅನುಮಾನವಿತ್ತು. "ಕೈಯಾಗೆ ಜೀವ ಐತೆ, ಮನಸ್ನಾಗಿಲ್ಲ," ಎಂದು ಒಮ್ಮೆ ಅಡುಗೆಮನೆ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದರು.

ಒಂದು ದಿನ ನರ್ಸಮ್ಮ ಆಗಲೇ ಬಂದು ಕೂತಿದ್ದಾಗ, ಶಾಲೆಯಿಂದ ಬಂದವಳು ಗೇಟಿನ ಚಿಲಕ ಹಾಕುವುದನ್ನು ಮರೆತೆ. ನಾನು ಒಳಗೆ ಬಂದು ಚೀಲ ಇಡುವಷ್ಟರಲ್ಲಿ ನಾಯಿ ನನ್ನ ಹಿಂದೆಯೇ ಹಾಲಿಗೆ ಬಂದಿತ್ತು. ಸೀದಾ ಹೋಗಿ ಮುಂಗಾಲೆರಡನ್ನೂ ಮಂಚದ ಮೇಲಿಟ್ಟು ಮಾವನ ಮುಖ ಮೂಸಿತು.

ಮಾವನ ಬಲಗೈ ಮೇಲೆದ್ದಿತು. ಗೇಣುದ್ದವಷ್ಟೇ. ಎದ್ದು, ನಾಯಿಯತ್ತ ಬೀಸಿ, ಹಾಸಿಗೆಯ ಮೇಲೆ ಬಿತ್ತು. ಜೊತೆಗೆ ಗಟ್ಟಿಯಾಗಿ, ಸ್ಪಷ್ಟವಾಗಿ, "ಹಚಾ!" ಎಂದರು.

ಅತ್ತೆ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿ ಬಂದರು. "ಯಾರ್ ಮಾತಾಡಿದ್ದು?" ಎಂದು ಕೇಳಿದರು. ಅವರೇ ಎಂದೆ. ಮಾವ ಎಲ್ಲರಿಗಿಂತ ಹೆಚ್ಚು ಗಾಬರಿಯಾಗಿ ತಮ್ಮ ಕೈಯನ್ನೇ ನೋಡುತ್ತಿದ್ದರು.

ನರ್ಸಮ್ಮ ನಾಯಿಯನ್ನು ಹೊರಗೆ ಅಟ್ಟಲಿಲ್ಲ. ಅದರ ಕತ್ತು ಹಿಡಿದು, "ಇನ್ನೊಂದ್ ಕಿತ ಅನ್ನಿ ಯಜಮಾನ್ರೇ. ಒಡೀರಿ, ಪರವಾಗಿಲ್ಲ," ಎಂದರು. ಮಾವ ಇನ್ನೊಮ್ಮೆ ಅಂದರು. ಕೈ ಮತ್ತೆ ಅಷ್ಟೇ ಎದ್ದಿತು.

ಅತ್ತೆ ಆ ಸಂಜೆ ಇಡೀ ಹಾಲನ್ನು ತೊಳೆದರು. ಮರುದಿನ ನಾಲ್ಕು ಗಂಟೆಗೆ ತಾವೇ ಹೋಗಿ ಗೇಟು ತೆಗೆದರು. "ಹಾಲಿಗೆ ಮಾತ್ರ," ಎಂದರು. "ಅಡುಗೆಮನೆ ಹೊಸ್ತಿಲ ಹತ್ರ ಬಂದ್ರೆ ನಾನು ಸುಮ್ನಿರಲ್ಲ."

ಹೀಗೆ ಆ ನಾಯಿ ದಿನಾ ಒಳಗೆ ಬರತೊಡಗಿತು. ನಾನು ಮೂಲೆಯಲ್ಲಿ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತ ಎಲ್ಲವನ್ನೂ ನೋಡುತ್ತಿದ್ದೆ. ನರ್ಸಮ್ಮ ಪೇಪರನ್ನು ಸುರುಳಿ ಸುತ್ತಿ ಮಾವನ ಬಲಗೈಗೆ ಕೊಟ್ಟರು, ನಾಯಿಯನ್ನು ಓಡಿಸಲು. ಮೊದಲು ಬೆರಳುಗಳು ಅದನ್ನು ಹಿಡಿಯಲಿಲ್ಲ, ಹದಿನೈದು ದಿನದಲ್ಲಿ ಹಿಡಿದವು. ನಾಯಿ ಓಡಲಿಲ್ಲ. ಪೇಪರಿನ ಏಟನ್ನು ತಲೆ ಸವರಿದಂತೆ ತೆಗೆದುಕೊಂಡು ಅಲ್ಲೇ ಕೂರುತ್ತಿತ್ತು. ಆಮೇಲೆ ಪೇಪರಿನ ಬದಲು ಬನ್ನಿನ ಚೂರು ಬಂತು. ಅದು ಬೆರಳ ಸಂದಿಯಿಂದ ಬಿದ್ದಾಗಲೆಲ್ಲ ನಾಯಿಗೆ ಲಾಭ. ಆದ್ದರಿಂದ ಅದು ಮಾವನ ಕೈಯಿಂದ ಒಮ್ಮೆಯೂ ಕಣ್ಣು ಕೀಳಲಿಲ್ಲ. ಅಟ್ಟುವುದು ಯಾವತ್ತು ನಿಂತು ತಿನ್ನಿಸುವುದು ಶುರುವಾಯಿತೆಂದು ಹೇಳಲು ನನಗೆ ಬಾರದು. ಅದನ್ನು ಪ್ರೀತಿ ಅನ್ನಲೂ ಧೈರ್ಯವಿಲ್ಲ. ಮೂರೂವರೆಯಾದರೆ ಮಾವ ಕಿಟಕಿಯತ್ತ ಹೊರಳುತ್ತಿದ್ದರು, ಅಷ್ಟು ಗೊತ್ತು.

"ಹಚಾ" ಆದಮೇಲೆ "ಬಾ" ಬಂತು, ಆಮೇಲೆ "ಕೂತ್ಕೋ." ಎಲ್ಲವೂ ನಾಯಿಗೆ. ಒಂದು ಸಂಜೆ ನಾನು ಮಂಚದ ಪಕ್ಕ ನಿಂತಿದ್ದಾಗ ನನ್ನ ಮುಖ ನೋಡಿ, ಅದೇ ದನಿಯಲ್ಲಿ, "ಕೂತ್ಕೋ" ಎಂದರು. ನಾನು ಕೂತೆ. ಆ ಮನೆಗೆ ಬಂದ ಮೇಲೆ ಅವರು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಅತ್ತೆಗೆ ಮಾತ್ರ ಏನೂ ಸಿಗಲಿಲ್ಲ. ಒಂದು ದಿನ ಅವರು ಮಂಚದ ಅಂಚಿಗೆ ಕೂತು, "ನನ್ ಹೆಸರು ಹೇಳಿ, ನೋಡೋಣ," ಎಂದು ಕೇಳಿದರು. ಮಾವ ಬಾಯಿ ತೆರೆದರು, ಕತ್ತಿನ ನರ ಉಬ್ಬಿತು, ಕೊನೆಗೆ ಬಂದದ್ದು "ಬೇಡ." ಅತ್ತೆ ಎದ್ದು ಹಿತ್ತಿಲಿಗೆ ಹೋದರು.

"ನಾಯಿ ಹತ್ರ ಮಾತಾಡ್ತಾರೆ. ಮೂವತ್ತೈದು ವರ್ಷ ಬೇಯಿಸಿ ಹಾಕಿದೀನಿ, ನಂಗೆ ಒಂದು ಮಾತಿಲ್ಲ," ಎಂದು ಬಾವಿಕಟ್ಟೆಯ ಹತ್ತಿರ ನರ್ಸಮ್ಮನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

"ಅಂಗಲ್ಲ ಅಮ್ಮಾವ್ರೇ. ನಾಯಿ ಮುಂದೆ ತಪ್ಪಾದ್ರೆ ನಾಚ್ಕೆ ಇಲ್ಲ. ನಿಮ್ ಮುಂದೆ ಐತೆ."

ಅತ್ತೆ ಆಮೇಲೆ ಹಾಗೆ ಕೇಳುವುದನ್ನು ಬಿಟ್ಟರು.

ಏಳೆಂಟು ತಿಂಗಳಾದ ಮೇಲೆ ಒಂದು ಸೋಮವಾರ ನರ್ಸಮ್ಮ ಒಬ್ಬರೇ ಬಂದರು. ತುಮಕೂರು ರಸ್ತೆ ದಾಟುವಾಗ ಲಾರಿ ತಗುಲಿ ನಾಯಿಯ ಹಿಂಗಾಲು ಮುರಿದಿತ್ತು. ಮಾವನ ಮುಂದೆಯೇ ಅದನ್ನು ಹೇಳಿದರು, ಮುಚ್ಚಿಡಲಿಲ್ಲ. ಮಾವ ಗೋಡೆಯತ್ತ ತಿರುಗಿ ಮಲಗಿದರು. ಆ ದಿನ ಕೈ ಮುಟ್ಟಗೊಡಲಿಲ್ಲ, ಮರುದಿನವೂ. ಎಲ್ಲದಕ್ಕೂ "ಬೇಡ" ವಾಪಸು ಬಂತು.

ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಮಾವ ಶರ್ಟು ಹಾಕಿಕೊಂಡು ಕೂತಿದ್ದರು. ಗುಂಡಿಗಳು ತಪ್ಪು ಕಾಜಾಗಳಲ್ಲಿದ್ದವು. ಎಡಗೈಯಲ್ಲೇ ತಾವೇ ಹಾಕಿಕೊಂಡಿದ್ದರು. ಚಪ್ಪಲಿಗಳತ್ತ ಕೈ ತೋರಿಸಿದರು.

"ಎಲ್ಲಿಗೆ ಮಾವ?" ಎಂದೆ.

"ನಾಯಿ," ಎಂದರು.

ನನ್ನ ಗಂಡ ಆಟೋ ತಂದರು. ಆಸ್ಪತ್ರೆಯಿಂದ ಬಂದಮೇಲೆ ಮಾವ ಗೇಟು ದಾಟಿದ್ದು ಅವತ್ತೇ. ಗೊರಗುಂಟೆಪಾಳ್ಯದಲ್ಲಿ ನರ್ಸಮ್ಮನ ಹೆಂಚಿನ ಮನೆಯ ಜಗುಲಿಯಲ್ಲಿ, ಗೋಣಿಚೀಲದ ಮೇಲೆ, ಕಾಲಿಗೆ ಬಿದಿರು ದಬ್ಬೆ ಕಟ್ಟಿಸಿಕೊಂಡು ನಾಯಿ ಮಲಗಿತ್ತು. ಮಾವನನ್ನು ನೋಡಿ ಏಳಲು ಹೋಯಿತು, ಆಗಲಿಲ್ಲ, ಬಾಲ ಬಡಿಯಿತು. ನರ್ಸಮ್ಮ ಸ್ಟೂಲು ತಂದಿಟ್ಟರು. ಮಾವ ಕೂತು, ದಾರಿಯಲ್ಲಿ ನಿಲ್ಲಿಸಿ ಕೊಂಡಿದ್ದ ಬನ್ನನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಮುರಿದರು. ಎರಡೂ ಕೈ ಸೇರಿ ಮಾಡಿದ ಮೊದಲ ಕೆಲಸ ಅದು. ನರ್ಸಮ್ಮ ನನ್ನ ಮೊಣಕೈ ತಿವಿದರು. ಅರ್ಧ ಗಂಟೆ ಕೂತು ಬಂದೆವು.

ನಾಯಿ ಉಳಿಯಿತು, ಆದರೆ ಮೂರು ಕಾಲಲ್ಲಿ ಯಶವಂತಪುರದವರೆಗೆ ನಡೆಯಲಾರದಾಯಿತು. ಹಾಗಾಗಿ ನಾವೇ ಭಾನುವಾರ ಭಾನುವಾರ ಹೋಗತೊಡಗಿದೆವು. ಮಾವ ಆಟೋದಿಂದ ತಾವೇ ಇಳಿಯುವುದನ್ನು ಕಲಿತರು. ಸ್ಪೂನು ಹಿಡಿದು ಊಟ ಮಾಡುವಷ್ಟು ಕೈ ಬಂತು, ಬರೆಯುವಷ್ಟು ಬರಲಿಲ್ಲ. ಮಾತು ಒಂದೊಂದೇ ಶಬ್ದದಲ್ಲಿ ಉಳಿಯಿತು. ಮೂರು ವರ್ಷ ಹೀಗೆ ನಡೆದು, ಎರಡನೇ ಸಲ ಲಕ್ವ ಹೊಡೆದಾಗ ಅವರು ತೀರಿಕೊಂಡರು.

ಆ ಮೂರು ವರ್ಷದ ಭಾನುವಾರಗಳಂದು ಅತ್ತೆಯೂ ಜೊತೆಗೆ ಬರುತ್ತಿದ್ದರು, ಆಟೋದಿಂದ ಇಳಿಯುತ್ತಿರಲಿಲ್ಲ. ಒಂದು ಸಲ ವಾಪಸು ಬರುವಾಗ, ಮಾವ ಪಕ್ಕದಲ್ಲಿ ತೂಕಡಿಸುತ್ತಿದ್ದರು, ಅತ್ತೆ ನನ್ನತ್ತ ಬಾಗಿ, "ಇವತ್ತು ಎಷ್ಟ್ ಮಾತಾಡಿದ್ರೇ?" ಎಂದು ಕೇಳಿದರು.

ನಾನು ಎಣಿಸಿದ್ದು ಏಳು ಮಾತು. "ಹನ್ನೊಂದು," ಎಂದೆ.

ಅವರು ತಲೆಯಾಡಿಸಿ, ಮಾವನ ಶರ್ಟಿಗೆ ಅಂಟಿದ್ದ ಕಂದು ಕೂದಲನ್ನು ಒಂದೊಂದಾಗಿ ತೆಗೆದು ಹೊರಗೆ ಬಿಡತೊಡಗಿದರು.