ಶ್ರುತಿ ಕೂಡುವತನಕ ಬಾಡಿಗೆ ಇಲ್ಲ

ಎಪ್ಪತ್ತರ ದಶಕದಲ್ಲಿ ಕುಂದಗೋಳದಾಗ ನಾನು ಬೋರ್ಡು ಬರೆಯುತ್ತಿದ್ದೆ, ಗೆಳೆಯ ಮೆಹಬೂಬ ಫೋಟೋ ತೆಗೆಯುತ್ತಿದ್ದ. ಇಬ್ಬರೂ ಕೂಡಿ ಒಂದು ಖೋಲಿ ಹಿಡಿದೆವು. ಬಾಡಿಗೆ ಭಾರವಾದಾಗ, ಒಂದು ಮೂಲೆಯನ್ನು ಹಾಡುವವರಿಗೆ ತಾಸಿಗೆ ರೂಪಾಯಿಯಂತೆ ಕೊಡುವುದೆಂದು ಠರಾಯಿಸಿದೆವು.

ಮೊದಲ ಗಿರಾಕಿ, ತಂಬೂರಿ ಹೊತ್ತು ಬಂದ ಒಬ್ಬ ಮುದುಕರು.

"ಶ್ರುತಿ ಕೂಡೂತನಕ ಬಾಡಿಗಿ ಹಿಡೀಬ್ಯಾಡ್ರಿ. ಹಾಡಾಕ ಹತ್ತಿದ ಮ್ಯಾಲ ಹಿಡೀರಿ," ಅಂದರು. ನ್ಯಾಯವೆನಿಸಿ ಒಪ್ಪಿದೆವು.

ಮಧ್ಯಾಹ್ನದವರೆಗೂ ತಂಬೂರಿಯ ಬಿರಡೆ ತಿರುವಿದರು. ನಡುನಡುವೆ ತಂತಿಗೆ ದನಿ ಕೂಡಿಸಿ ನೋಡಿ, ತಲೆ ಅಲ್ಲಾಡಿಸಿ, ಮತ್ತೆ ತಿರುವುತ್ತಿದ್ದರು. ಆ ದನಿ ಕೇಳುತ್ತ ಕೂತ ನನ್ನ ಕುಂಚ ಕೈಯಲ್ಲೇ ಒಣಗಿತು. ಮೆಹಬೂಬ ಕೆಲಸ ಬಿಟ್ಟು ಬಂದು ಅವರೆದುರು ಕೂತುಬಿಟ್ಟ.

"ಇವತ್ತ ಕೂಡಲಿಲ್ಲರಿ. ನಾಳಿ ಬರ್ತೀನಿ," ಎಂದು ಅವರು ಎದ್ದು ಹೋದರು.

"ಒಂದ್ ರೂಪಾಯಿನೂ ಬರಲಿಲ್ಲಲ್ಲೋ," ಅಂದೆ.

"ಹಾಡಲಿಲ್ಲ, ಚಲೋ ಆತ ಬಿಡಲೇ," ಅಂದ ಮೆಹಬೂಬ. "ಹಾಡಿದ್ರ ನಾವ ಅವರಿಗೆ ರೊಕ್ಕ ಕೊಡಬೇಕಾಗ್ತಿತ್ತು."